ಕೊನೆಯ ತರಗತಿಯವರಿಗೊಂದು ಸಂಜೆ

ತೆಲಂಗಾಣದ ನಾರಾಯಣಪೇಟೆ, ಮಖ್ತಲ್, ಗದ್ವಾಲಗಳ ಸುತ್ತಣ ಸೀಮೆಯಲ್ಲಿ ಜೂನ್ ತಿಂಗಳು ಶಾಲೆಯ ಬಾಗಿಲು ತೆರೆದೊಡನೆ, ಹತ್ತನೆಯ ತರಗತಿಗೆ ಕಾಲಿಟ್ಟ ಮಕ್ಕಳಿರುವ ಮನೆಗಳಲ್ಲಿ ಒಂದು ಬಗೆಯ ಕಠಿನ ವ್ರತವು ಆರಂಭವಾಗುತ್ತದೆ. ನಿನ್ನೆಯವರೆಗೆ ಖೋ-ಖೋ ಆಡುತ್ತಿದ್ದ ಹುಡುಗಿ ಇನ್ನು ಬಯಲಿಗೆ ಇಳಿಯತಕ್ಕದ್ದಲ್ಲ. ಶನಿವಾರದ ರಾತ್ರಿ ಹನುಮಪ್ಪನ ಗುಡಿಯ ಭಜನೆಯಲ್ಲಿ ತಾಳ ಹಿಡಿಯುತ್ತಿದ್ದ ಹುಡುಗನು ಅದನ್ನು ಗೂಟಕ್ಕೆ ತೂಗಹಾಕಿ ಗಣಿತದ ಪುಸ್ತಕದ ಮುಂದೆ ಕೂರತಕ್ಕದ್ದು. ಹೊಸದೇನನ್ನಾದರೂ ಕಲಿಯಬೇಕೆಂದು ಬಾಯಿ ತೆರೆದವರಿಗೆ ದೊರೆಯುವ ಉತ್ತರ ಒಂದೇ: “ಇದೊಂದ್ ವರ್ಷ ಮುಗೀಲಪ್ಪಾ, ಆಮ್ಯಾಲ ಏನರ ಮಾಡ್ಕೋ.”

ಹೀಗೆನ್ನುವ ತಂದೆತಾಯಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2011ರ ಜನಗಣತಿಯ ಕಾಲಕ್ಕೆ, ಇಂದಿನ ನಾರಾಯಣಪೇಟೆ ಮತ್ತು ಜೋಗುಲಾಂಬ ಗದ್ವಾಲ ಜಿಲ್ಲೆಗಳಾಗಿರುವ ಪ್ರದೇಶದಲ್ಲಿ ಅಕ್ಷರ ಬಲ್ಲವರ ಪ್ರಮಾಣ ನೂರಕ್ಕೆ 50ರ ಆಸುಪಾಸಿನಲ್ಲಿತ್ತು. ಪಾಲಮೂರಿನ, ಅಂದರೆ ಮಹಬೂಬನಗರ ಸೀಮೆಯ, ಕೂಲಿಗಳೆಂಬ ಹೆಸರನ್ನು ಹೊತ್ತು, ಮಳೆ ಕೈಕೊಟ್ಟ ವರ್ಷಗಳಲ್ಲಿ ದೂರದ ನಗರಗಳ ಕಟ್ಟಡಗಳಿಗೆ ಕಲ್ಲುಮಣ್ಣು ಹೊರಲು ಹೋದವರ ಮನೆಯಿಂದ ಮೊದಲ ಬಾರಿಗೆ ಒಂದು ಮಗು ಹತ್ತನೆಯ ತರಗತಿಯವರೆಗೆ ಬಂದು ನಿಂತಿರುವಾಗ, ಆ ಮಗುವಿನ ಕೈಯಲ್ಲಿರುವ ಪುಸ್ತಕ ಜಾರದಿರಲೆಂದು ಹಿರಿಯರು ಪಡುವ ಕಳವಳವನ್ನು ಲಘುವಾಗಿ ಕಾಣುವುದು ಅನ್ಯಾಯವೇ ಸರಿ. ಆದರೆ ಕಳವಳವು ಸಹಜವೆಂದ ಮಾತ್ರಕ್ಕೆ ಅದರಿಂದ ಹುಟ್ಟಿದ ನಿಯಮವು ಸಾಧುವಾಗಿಯೇ ಇರಬೇಕೆಂದಿಲ್ಲ.

ಹವ್ಯಾಸದ ಪರವಾಗಿ ವಾದಿಸುವವರು, ಅದರಿಂದ ಬುದ್ಧಿ ಚುರುಕಾಗುತ್ತದೆ, ದಣಿವಾರುತ್ತದೆ, ತನ್ಮೂಲಕ ಅಂಕಗಳು ಹೆಚ್ಚುತ್ತವೆ ಎಂದು ಹೇಳುವುದು ವಾಡಿಕೆ. ಅದು ನಿಜವೇ ಆಗಿರಬಹುದು. ಆದರೂ ಆ ವಾದವನ್ನು ನಾನು ಆಶ್ರಯಿಸಲಾರೆ, ಏಕೆಂದರೆ ಅಂಕದ ಸೇವೆಗೆಂದೇ ಕಲಿತ ಹಾಡು ಅಂಕ ಬಾರದ ದಿನ ಮೂಲೆಗೆ ಬೀಳುತ್ತದೆ. ಈ ಸೀಮೆಯ ಮಟ್ಟಿಗೆ ಅದಕ್ಕಿಂತ ಬಲವಾದ ಕಾರಣವೊಂದುಂಟು. 1956ರಲ್ಲಿ ಹೈದರಾಬಾದು ರಾಜ್ಯವು ಭಾಷಾವಾರಾಗಿ ಹಂಚಿಹೋದಾಗ, ಅದುವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲವು ಆಂಧ್ರದ ಕಡೆಗೆ ಹೋಯಿತು. ಗಡಿಯ ಗೆರೆ ಎಲ್ಲಿಯೇ ಬಿದ್ದಿರಲಿ, ಈ ಸೀಮೆಯ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ತೊಟ್ಟಿಲ ಹಾಡು ಕನ್ನಡದ್ದಾಗಿಯೇ ಉಳಿಯಿತು, ಕನ್ನಡ ಮಾಧ್ಯಮದ ಶಾಲೆಗಳೂ ಉಳಿದುವು. ಆದರೆ ಹತ್ತನೆಯ ತರಗತಿ ಮುಗಿಸಿದ ಮಗು ಮುಂದೆ ರಾಯಚೂರಿಗೋ ಯಾದಗಿರಿಗೋ ಹೋಗಬೇಕು, ಇಲ್ಲವೆ ತೆಲುಗು, ಇಂಗ್ಲಿಷುಗಳ ಕಾಲೇಜನ್ನು ಸೇರಬೇಕು. ಹೈದರಾಬಾದಿನ ವಿದ್ಯಾರ್ಥಿನಿಲಯವೊಂದರಲ್ಲಿ ಹಾಸಿಗೆ ಹಾಸಿಕೊಳ್ಳುವ ಮಕ್ಕಳೂ ಇದ್ದಾರೆ. ಊರು, ತಾಯ್ನುಡಿ, ಬಾಲ್ಯ ಈ ಮೂರೂ ಒಂದೇ ಸೂರಿನ ಕೆಳಗೆ ಕೂಡಿರುವ ಕೊನೆಯ ವರ್ಷವಿದು. “ಆಮ್ಯಾಲ” ಎಂದು ನಾವು ಮುಂದೂಡುತ್ತಿರುವ ವಿದ್ಯೆಯನ್ನು ಕಲಿಸುವ ಅಜ್ಜನೂ, ಕಲಿಯುವ ಅಂಗಳವೂ ಆಮೇಲೆ ಆ ಮಗುವಿನ ಬಳಿ ಇರುವುದಿಲ್ಲ.

ಹಾಗಾದರೆ ಕಲಿಯತಕ್ಕ ಹೊಸದು ಯಾವುದು? ತನ್ನ ಮನೆ ಯಾವುದನ್ನು ಕೊಟ್ಟಿಲ್ಲವೋ ಅದೇ ಮಗುವಿಗೆ ಹೊಸದು. ನಾರಾಯಣಪೇಟೆಯ ವರ್ತಕರ ಹುಡುಗನು ದಿನವೂ ಸೀರೆಯ ಅಂಗಡಿಗಳ ಮುಂದೆಯೇ ನಡೆದುಹೋಗುತ್ತಾನೆ. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಲಾಳಿ ಅತ್ತಿಂದಿತ್ತ ಹಾಯುವಾಗ ಕಡಿದ ಎಳೆಯನ್ನು ಬೆರಳ ತುದಿಯಲ್ಲಿ ಹುಡುಕಿ ಗಂಟುಹಾಕುವ ಕೌಶಲವನ್ನು ಅವನು ಕಂಡಿರುವುದಿಲ್ಲ. ಗದ್ವಾಲದ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳು ಕೂಡುವ ಸ್ಥಳವನ್ನು ಒಂದು ಸಂಜೆ ಕುಳಿತು ನೋಡಿದ ಬಾಲಕಿಗೆ ಯಾವ ಪಾಠವೂ ಕೊಡಲಾರದ ತಾಳ್ಮೆಯ ಅರಿವು ದೊರೆಯುತ್ತದೆ. 1937ರಲ್ಲಿ ವರ್ಧಾದ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸಬನ್ನು ಶಿಕ್ಷಣದ ಮಧ್ಯಬಿಂದುವಾಗಿ ಇಡಬೇಕೆಂದು ಪ್ರತಿಪಾದಿಸಿದರು. ಮಗ್ಗದ ಸದ್ದು ಕೇಳುವಷ್ಟು ಸಮೀಪದಲ್ಲಿರುವ ಶಾಲೆಯ ಮಕ್ಕಳೂ ಮಗ್ಗವನ್ನು ಮುಟ್ಟದೆಯೇ ಶಾಲೆಯನ್ನು ಮುಗಿಸುವುದು ನಮ್ಮ ವ್ಯವಸ್ಥೆಯ ದೊಡ್ಡ ಲೋಪ.

ಆದರೆ ಇದೇ ಮಾತನ್ನು ನೇಕಾರರ ಮನೆಯ ಮಗುವಿಗೆ ಹೇಳಲಾಗದು. ಎಳವೆಯಿಂದಲೇ ಕಂಡಿಕೆ ಸುತ್ತಿ ಸುತ್ತಿ ಬೆರಳು ದಣಿದ ಆ ಮಗುವಿಗೆ ಮಗ್ಗವು ಹವ್ಯಾಸವಾಗದು. ಅದಕ್ಕೆ ಹಾರ್ಮೋನಿಯಮ್ಮಿನ ಮನೆಗಳ ಪರಿಚಯ ಬೇಕು, ಬಯಲಾಟದ ಒಂದು ಸಣ್ಣ ವೇಷ ಬೇಕು. ಗದ್ವಾಲದ ಕಡೆಯ ಬೀಜದ ಹತ್ತಿಯ ಹೊಲಗಳಲ್ಲಿ, ಸಂಜೆ ಮೊಗ್ಗಿನ ಕೇಸರಗಳನ್ನು ತೆಗೆದು ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗವನ್ನು ಮುಟ್ಟಿಸುವ ಕೆಲಸಕ್ಕಾಗಿ, ಶಾಲೆ ಬಿಡಿಸಿ ಬಾಲಕಿಯರನ್ನು ನಿಲ್ಲಿಸಿದ ಕಥೆಯೂ ಈ ನಾಡಿನದೇ. ಪುಸ್ತಕ ಬಿಡಿಸಿ ಆಟ ಕೊಡಬಾರದೆನ್ನುವ ನಾವು, ಪುಸ್ತಕ ಬಿಡಿಸಿ ಹೊಲಕ್ಕೆ ಕಳುಹಿಸುವಾಗ ಅಷ್ಟೊಂದು ಹಿಂದುಮುಂದು ನೋಡಲಿಲ್ಲವೆಂಬುದನ್ನು ದುಃಖದಿಂದ ನೆನೆಯಬೇಕಾಗಿದೆ. ಪರರ ಲಾಭಕ್ಕಾಗಿ ಹೇರಿದ ದುಡಿಮೆಯನ್ನು ಅನುಭವವೆಂಬ ಸುಂದರವಾದ ಹೆಸರಿನಿಂದ ಯಾರೂ ಕರೆಯದಿರಲಿ.

ಎಲ್ಲ ಮನೆಗಳ ಮಕ್ಕಳಿಗೂ ಸಮಾನವಾಗಿ ಹೊಸದಾದ, ಕಾಸು ಬೇಡದ ಒಂದು ಹವ್ಯಾಸವನ್ನು ಈ ನೆಲವೇ ಇಟ್ಟುಕೊಂಡು ಕಾದಿದೆ. ಕೃಷ್ಣೆಯ ದಡದ ಮೇಲೆ, ಕೃಷ್ಣಾ ಮಂಡಲಕ್ಕೆ ಸೇರಿದ ಮುಡುಮಾಲ್ ಎಂಬ ಗ್ರಾಮದ ಹೊಲಗಳ ನಡುವೆ, ಎರಡಾಳೆತ್ತರದ ಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಪೂರ್ವಜರು ಅವುಗಳನ್ನು ನೆಟ್ಟರೆಂದೂ, ಅವುಗಳ ಸಾಲುಗಳು ಸೂರ್ಯನ ಉದಯಾಸ್ತಗಳ ದಿಕ್ಕನ್ನು ಅನುಸರಿಸುತ್ತವೆಂದೂ ಸಂಶೋಧಕರು ಹೇಳುತ್ತಾರೆ. ಅಲ್ಲಿಯ ಒಂದು ಬಂಡೆಯ ಮೇಲೆ ಕೊರೆದ ಸಣ್ಣ ಕುಳಿಗಳಲ್ಲಿ ಸಪ್ತರ್ಷಿಮಂಡಲದ ಆಕೃತಿಯನ್ನು ಅವರು ಗುರುತಿಸಿದ್ದಾರೆ. 2025ರಲ್ಲಿ ಈ ಸ್ಥಳವು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಈ ಸೀಮೆಗೆ ಓದುಬರಹ ಬರುವ ಮೊದಲೇ ಆಕಾಶವನ್ನು ಓದಿ ಕಲ್ಲಿನ ಮೇಲೆ ಬರೆದಿಟ್ಟವರ ಊರಿನಲ್ಲಿ, ವಿಜ್ಞಾನವನ್ನು ಬಾಯಿಪಾಠ ಮಾಡುವ ಮಗುವು ಒಂದು ಭಾನುವಾರ ಆ ಕಲ್ಲುಗಳ ನೆರಳನ್ನು ಅಳೆದು ಪುಸ್ತಕದಲ್ಲಿ ಗುರುತುಮಾಡಿಕೊಂಡರೆ, ಆ ಭಾನುವಾರ ನಷ್ಟವಾಯಿತೆಂದು ಯಾರು ಹೇಳಿಯಾರು?

ಕಾಲದ ಹಂಚಿಕೆಯೂ ಅಸಾಧ್ಯವಾದುದಲ್ಲ. ಪರೀಕ್ಷೆಗಳು ನಡೆಯುವುದು ಮಾರ್ಚಿನ ಸುಮಾರಿಗೆ. ಸಂಕ್ರಾಂತಿಯ ನಂತರ ಬೆಳಿಗ್ಗೆ ಸಂಜೆಗಳೆರಡೂ ವಿಶೇಷ ತರಗತಿಗಳ ಪಾಲಾಗುವುದನ್ನು ನಾನೂ ಒಪ್ಪುತ್ತೇನೆ. ಜೂನಿನಿಂದ ದಸರೆಯವರೆಗಿನ ವಾರಕ್ಕೊಂದು ಸಂಜೆಯನ್ನು ಮಾತ್ರ ನಾನು ಕೇಳುತ್ತಿರುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರರಂಥ ಕುಶಲಕರ್ಮಿಗಳ ಬಳಿ ಕಲಿಯಲೆಂದು ಸೂಚಿಸಿತು. ಆ ಹತ್ತು ದಿನಗಳ ಸೂಚನೆಯಲ್ಲಿ ಹತ್ತನೆಯವರ ಹೆಸರಿಲ್ಲ; ಅವರಿಗೆ ಅದನ್ನು ಮುಖ್ಯೋಪಾಧ್ಯಾಯರೂ ಊರಿನ ಹಿರಿಯರೂ ಸೇರಿ ತಾವಾಗಿಯೇ ಒದಗಿಸಬೇಕು. ಒಬ್ಬ ನೇಕಾರನು, ಒಬ್ಬ ಭಜನೆಯ ಗುರುವು, ಪಕ್ಷಿಗಳ ಹೆಸರು ಬಲ್ಲ ಒಬ್ಬ ಅಧ್ಯಾಪಕನು ಒಪ್ಪಿದರೆ ಒಂದು ಊರಿಗೆ ಸಾಕು. ಜುರಾಲಾ ಜಲಾಶಯದ ಹಿನ್ನೀರಿನಲ್ಲಿ ಮೊಸಳೆಗಳಿರುವುದರಿಂದ, ಪಕ್ಷಿ ನೋಡಹೋಗುವ ಮಕ್ಕಳ ಜೊತೆ ಹಿರಿಯರೊಬ್ಬರು ಇರಲೇಬೇಕೆಂಬುದನ್ನು ಮಾತ್ರ ಮರೆಯಬಾರದು.

ಇಷ್ಟೂ ಆಗದೆಂಬ ಮನೆಯವರಲ್ಲಿ ನನ್ನದೊಂದು ಕೊನೆಯ ಬಿನ್ನಹ. ಜನವರಿಯಲ್ಲಿ ನೀವು ಮಗುವನ್ನು ಓದಲೆಂದು ನಸುಕಿನ ನಾಲ್ಕು ಗಂಟೆಗೆ ಎಬ್ಬಿಸುತ್ತೀರಿ. ಆ ಹೊತ್ತಿಗೆ ಮುಡುಮಾಲಿನ ಬಂಡೆಯಲ್ಲಿ ಕೊರೆದಿರುವ ಅದೇ ಸಪ್ತರ್ಷಿಮಂಡಲವು ನಿಮ್ಮ ಅಂಗಳದ ಉತ್ತರಕ್ಕೆ, ಆಕಾಶದ ಅರ್ಧದಷ್ಟು ಎತ್ತರದಲ್ಲಿ ಬಂದು ನಿಂತಿರುತ್ತದೆ. ಮುಖ ತೊಳೆಯಲು ಹೊರಗೆ ಬಂದ ಮಗುವನ್ನು ಕೂಡಲೆ ಒಳಗೆ ಕರೆಯಬೇಡಿರಿ. ಹತ್ತು ನಿಮಿಷ ಅಲ್ಲಿಯೇ ನಿಲ್ಲಗೊಡಿರಿ, ಸಾಧ್ಯವಾದರೆ ನೀವೂ ಪಕ್ಕದಲ್ಲಿ ನಿಲ್ಲಿರಿ.