ಪೌಡರು ಸರಿಯಿತು, ಅಳೆದವರಾರು?



ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಎಣ್ಣೆ ತಾಗಿದ ಕಡ್ಡಿಯಿಂದ ನಡುವೆ ಮುಟ್ಟುವ ಪ್ರಯೋಗವನ್ನು ನೀವು ಮಾಡಿ ತೋರಿಸಿರಬಹುದು. ಪೌಡರು ಥಟ್ಟನೆ ಅಂಚಿಗೆ ಸರಿಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಪಾಠ ಅಲ್ಲಿಗೆ ಮುಗಿಯುತ್ತದೆ. ಹಾಗೆ ಮುಗಿಸಬಾರದು ಎಂಬುದು ನನ್ನ ವಾದ. ಅಳತೆಯಿಲ್ಲದಿದ್ದರೆ ಪ್ರಯೋಗ ಬರೀ ಜಾದೂ ಆಗುತ್ತದೆ.

ಅಲ್ಲಿ ನಡೆದದ್ದೇನು? ಎಣ್ಣೆಯ ಅಣುವಿನ ತಲೆಗೆ ನೀರು ಇಷ್ಟ, ಉದ್ದನೆಯ ಬಾಲಗಳಿಗೆ ನೀರು ಆಗದು. ಆದ್ದರಿಂದ ಅಣುಗಳು ತಲೆಯನ್ನು ನೀರಿಗೆ ಊರಿ, ಬಾಲವನ್ನು ಮೇಲೆತ್ತಿ, ಒಂದರ ಪಕ್ಕ ಒಂದು ನಿಲ್ಲುತ್ತವೆ. ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ನೀವು ಸೀಟಿ ಊದಬೇಕು. ಇವಕ್ಕೆ ಯಾರೂ ಊದುವುದಿಲ್ಲ. ಇದೇ ಅಣುಗಳ ಸ್ವಯಂಜೋಡಣೆ. ನಮ್ಮ ಜೀವಕೋಶಗಳ ಪೊರೆ ರೂಪುಗೊಳ್ಳುವುದೂ ಇಂಥದೇ ಗುಣದಿಂದ.

ಈ ಪದರದ ದಪ್ಪವನ್ನು ಮಕ್ಕಳೇ ಲೆಕ್ಕ ಹಾಕಬಹುದು. ತಂತಿಯ ತುದಿಯಲ್ಲಿ ಅರ್ಧ ಮಿಲಿಮೀಟರ್ ಅಗಲದ ಎಣ್ಣೆಯ ಹನಿ ತೆಗೆದುಕೊಳ್ಳಿ. ಅದರ ಘನಫಲ ಸುಮಾರು 0.065 ಘನ ಮಿಲಿಮೀಟರ್. ಪೌಡರು ಸರಿದ ವೃತ್ತವನ್ನು ಸ್ಕೇಲಿನಿಂದ ಅಳೆಯಿರಿ. ಅಗಲ 20 ಸೆಂಟಿಮೀಟರ್ ಬಂತೆನ್ನಿ; ವಿಸ್ತೀರ್ಣ 31,400 ಚದರ ಮಿಲಿಮೀಟರ್. ಭಾಗಿಸಿದರೆ ಸಿಗುವ ದಪ್ಪ, ಒಂದು ಮಿಲಿಮೀಟರಿನ ಸುಮಾರು ಐದು ಲಕ್ಷದಲ್ಲೊಂದು ಭಾಗ! ಕಣ್ಣಿಗೆ ಕಾಣದ ಅಣುವಿನ ಎತ್ತರ ಸ್ಕೇಲಿಗೆ ಸಿಕ್ಕಿತು.

"ನಮ್ಮ ಶಾಲೆಯಲ್ಲಿ ಪ್ರಯೋಗಾಲಯವಿಲ್ಲ" ಎನ್ನುವಿರಾ? ಜರ್ಮನಿಯ ಬ್ರೌನ್‌ಶ್ವೈಗ್‌ನ ಆಗ್ನೆಸ್ ಪೊಕೆಲ್ಸ್ (1862–1935) ಅವರಿಗೂ ಇರಲಿಲ್ಲ. ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತ್ತು. ಅವರು ಅಡುಗೆಮನೆಯಲ್ಲಿ, ತಗಡಿನ ತೊಟ್ಟಿ ಮತ್ತು ಒಂದು ಗುಂಡಿಯಿಂದ, ಜಿಡ್ಡು ಬಿದ್ದ ನೀರಿನ ಮೇಲ್ಮೈ ಎಳೆತವನ್ನು ಅಳೆದರು. 1891ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ಅವರಿಗೆ ಪತ್ರ ಬರೆದರು. ರೇಲಿ ಅದನ್ನು 'ನೇಚರ್' ಪತ್ರಿಕೆಗೆ ಕಳುಹಿಸಿ ಪ್ರಕಟಿಸುವಂತೆ ಮಾಡಿದರು. ಅಂಥದೇ ತೊಟ್ಟಿಯನ್ನು ಮುಂದೆ ಉತ್ತಮಪಡಿಸಿ ಬಳಸಿದ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಮೇಲ್ಮೈ ರಸಾಯನ ವಿಜ್ಞಾನಕ್ಕಾಗಿ 1932ರಲ್ಲಿ ನೊಬೆಲ್ ಪಡೆದರು.

ಹಾಗೆಂದು ಶಾಲೆಗೆ ಪ್ರಯೋಗಾಲಯ ಬೇಡವೆಂದಲ್ಲ. ಖಂಡಿತ ಬೇಕು, ಕೇಳಲೇಬೇಕು. ಆದರೆ ಅದು ಬರುವವರೆಗೆ ಈ ವರ್ಷದ ಮಕ್ಕಳು ಕಾಯಬೇಕೇ? ಬಿಸಿಯೂಟದ ತಟ್ಟೆ ತೊಳೆಯುವಾಗ ನೀರಿನ ಮೇಲಿನ ಜಿಡ್ಡನ್ನು ದಿಟ್ಟಿಸಿ ನೋಡುವ ಹುಡುಗಿ ನಿಮ್ಮ ಶಾಲೆಯಲ್ಲೂ ಇದ್ದಾಳೆ. ಅವಳ ಕೈಗೆ ಸ್ಕೇಲು ಕೊಡಿ. ಅವಳು ಬರೆದು ತಂದ ಅಂಕಿಗಳನ್ನು ರೇಲಿಯವರಂತೆ ಗಮನವಿಟ್ಟು ಓದಿ.