ಮೋಟಾರಿನ ಕೀಲೆಣ್ಣೆ: ಖನಿಜವೋ, ಕೃತಕವೋ?

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚದೆ ದೂರದ ಪಯಣಕ್ಕೆ ಹೊರಡುವ ರೈತನು ಕೋಲಾರದ ಸೀಮೆಯಲ್ಲಿ ಹಿಂದೆ ಇರಲಿಲ್ಲ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಬಳಿದರೆ ಗಾಲಿ ಹಗುರವಾಗಿ ತಿರುಗುವುದು; ಬಳಿಯದಿದ್ದರೆ ಅಚ್ಚು ಸವೆಯುವುದು, ಎತ್ತು ದಣಿಯುವುದು. ಇಂದು ಬಂಡಿಯ ಸ್ಥಾನಕ್ಕೆ ಮೋಟಾರು ಬಂದಿದೆ. ಆದರೆ ಎಣ್ಣೆಯ ವಿಷಯದಲ್ಲಿ ಆ ರೈತನಿಗಿದ್ದ ನಿಶ್ಚಯವು ಇಂದಿನ ಕಾರಿನ ಯಜಮಾನನಿಗೆ ಇಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇವುಗಳಲ್ಲಿ ಯಾವ ಊರಿನ ಬಿಡಿಭಾಗಗಳ ಅಂಗಡಿಗೆ ಹೋದರೂ ಎರಡು ಬಗೆಯ ಡಬ್ಬಿಗಳು ಎದುರಾಗುತ್ತವೆ. ಒಂದು ಸಾಮಾನ್ಯವಾದ ಖನಿಜ ತೈಲ. ಇನ್ನೊಂದು ‘ಸಿಂಥೆಟಿಕ್’, ಎಂದರೆ ಕೃತಕ ತೈಲ. ಎರಡನೆಯದರ ಬೆಲೆ ಮೊದಲನೆಯದರ ಸುಮಾರು ಎರಡರಷ್ಟು, ಕೆಲವು ವೇಳೆ ಅದಕ್ಕೂ ಹೆಚ್ಚು. ದುಬಾರಿಯಾದುದೇ ಒಳ್ಳೆಯದೆಂದು ಕೆಲವರು ಅದನ್ನು ಕೊಳ್ಳುತ್ತಾರೆ. ಎಣ್ಣೆಯೆಲ್ಲ ಒಂದೇ ಎಂದು ಕೆಲವರು ಅಗ್ಗದ್ದನ್ನು ಸುರಿಯುತ್ತಾರೆ. ಈ ಎರಡು ತೀರ್ಮಾನಗಳೂ ತಪ್ಪೆಂಬುದು ನಮ್ಮ ಅಭಿಪ್ರಾಯ.

ಕಾರಿಲ್ಲದ ವಿದ್ಯಾರ್ಥಿಗೆ ಈ ಚರ್ಚೆಯಿಂದೇನು ಎಂದು ವಾಚಕರು ಕೇಳಬಹುದು. ಸಾಲ ಮಾಡಿ ಕೊಂಡ ಒಂದು ಟ್ಯಾಕ್ಸಿಯಿಂದಲೇ ಜೀವನ ಸಾಗಿಸುವ ಮನೆಗಳು ನಮ್ಮ ನಡುವೆ ಅನೇಕವಾಗಿವೆ. ಎಂಜಿನು ನಿಂತ ದಿನ ಆ ಮನೆಯ ವರಮಾನವೂ ನಿಲ್ಲುತ್ತದೆ. ಅಂತಹ ಮನೆಯಲ್ಲಿ ರಸಾಯನಶಾಸ್ತ್ರವನ್ನೂ ಭೌತಶಾಸ್ತ್ರವನ್ನೂ ಓದಿದ ಮಗನೋ ಮಗಳೋ ಇದ್ದರೆ, ಜಾಹೀರಾತಿಗಿಂತ ಉತ್ತಮವಾದ ಸಲಹೆಯನ್ನು ತಂದೆಗೆ ಕೊಡಲು ಸಾಧ್ಯವಾಗಬೇಕು.

ಮೊದಲು ಎಣ್ಣೆಯ ಕೆಲಸವೇನೆಂಬುದನ್ನು ನೋಡೋಣ. ೧೮೮೩ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರನು ತಿರುಗುವ ಅಚ್ಚಿನ ಘರ್ಷಣೆಯನ್ನು ಅಳೆಯುತ್ತಿದ್ದನು. ಎಣ್ಣೆಯೂಡಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಹೊರಕ್ಕೆ ಉಕ್ಕತೊಡಗಿತು. ಅದಕ್ಕೆ ಬಿರಡೆ ಜಡಿದರೆ ಬಿರಡೆಯೇ ಹೊರಕ್ಕೆ ಬಂದಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು, ಅದರ ಒತ್ತಡದ ಮೇಲೆ ತೇಲುತ್ತದೆಯೆಂಬುದು ಇದರಿಂದ ತಿಳಿಯಿತು. ೧೮೮೬ರಲ್ಲಿ ಆಸ್ಬೋರ್ನ್ ರೆನಾಲ್ಡ್ಸನು ಈ ಸಂಗತಿಯನ್ನು ಗಣಿತದಿಂದ ವಿವರಿಸಿದನು. ಮೋಟಾರಿನ ಎಂಜಿನಿನಲ್ಲಿ ನಡೆಯುವುದೂ ಇದೇ. ಲೋಹವು ಲೋಹವನ್ನು ಮುಟ್ಟದಂತೆ ತಡೆಯುವುದು ಕೂದಲೆಳೆಗಿಂತ ಎಷ್ಟೋ ತೆಳುವಾದ ಒಂದು ಎಣ್ಣೆಯ ಪೊರೆ. ಇದಲ್ಲದೆ ಶಾಖವನ್ನು ಹೊತ್ತೊಯ್ಯುವುದು, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು, ತುಕ್ಕನ್ನು ತಡೆಯುವುದು ಇವೂ ಎಣ್ಣೆಯ ಕರ್ತವ್ಯಗಳೇ.

ಈ ಪೊರೆಯು ನಿಲ್ಲುವುದು ಎಣ್ಣೆಯ ಸ್ನಿಗ್ಧತೆಯಿಂದ, ಅಂದರೆ ಹರಿಯಲು ಅದು ಒಡ್ಡುವ ತಡೆಯಿಂದ. ಬೆಲ್ಲದ ಪಾಕವು ಒಲೆಯ ಮೇಲೆ ನೀರಾಗಿ, ಆರಿದಾಗ ಗಟ್ಟಿಯಾಗುವುದನ್ನು ಎಲ್ಲರೂ ಬಲ್ಲರು. ಎಂಜಿನಿನ ಎಣ್ಣೆಯೂ ಹಾಗೆಯೇ. ಸಾಮಾನ್ಯವಾದ ಒಂದು ಎಣ್ಣೆಗೆ ೪೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿರುವ ಸ್ನಿಗ್ಧತೆಯು ೧೦೦ ಡಿಗ್ರಿಯಲ್ಲಿ ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಡಬ್ಬಿಯ ಮೇಲಿನ ‘೧೫ಡಬ್ಲ್ಯು-೪೦’ ಎಂಬ ಗುರುತು ಹೇಳುವುದು ಈ ವಿಷಯವನ್ನೇ. ‘ಡಬ್ಲ್ಯು’ ಎಂಬುದು ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆಯು ಶೀತದಲ್ಲಿ ಸುಲಭವಾಗಿ ಹರಿಯುತ್ತದೆ. ಕೊನೆಯ ಅಂಕಿ ದೊಡ್ಡದಾದಷ್ಟೂ ಕಾದ ಎಂಜಿನಿನಲ್ಲಿ ಅದು ಮಂದವಾಗಿ ಉಳಿಯುತ್ತದೆ.

ಇನ್ನು ಎರಡು ತೈಲಗಳ ಹುಟ್ಟನ್ನು ವಿಚಾರಿಸೋಣ. ಭೂಮಿಯಿಂದ ತೆಗೆದ ಕಚ್ಚಾ ತೈಲವನ್ನು ಬಟ್ಟಿಯಿಳಿಸಿ ಶುದ್ಧಿ ಮಾಡಿದರೆ ಖನಿಜ ತೈಲ ಬರುತ್ತದೆ. ಅದರಲ್ಲಿ ಗಿಡ್ಡ, ಉದ್ದ, ಕವಲೊಡೆದ, ಉಂಗುರದಂತಹ ನಾನಾ ಆಕಾರದ ಅಣುಗಳು ಬೆರೆತಿರುತ್ತವೆ. ಚಿಕ್ಕವು ಬಿಸಿಯಲ್ಲಿ ಆವಿಯಾಗುತ್ತವೆ. ಮೇಣದ ಜಾತಿಯವು ಶೀತದಲ್ಲಿ ಹೆಪ್ಪುಗಟ್ಟುತ್ತವೆ. ಮತ್ತೆ ಕೆಲವು ಆಮ್ಲಜನಕದೊಡನೆ ಬೇಗ ಸೇರಿ ಕೆಸರಾಗುತ್ತವೆ. ಕೃತಕ ತೈಲದಲ್ಲಾದರೋ ಬೇಕಾದ ಅಳತೆಯ ಅಣುವನ್ನು ರಸಾಯನಜ್ಞನು ತಾನೇ ಕಟ್ಟುತ್ತಾನೆ. ಎಥಿಲೀನ್ ಅನಿಲದಿಂದ ಹತ್ತು ಇಂಗಾಲದ ಪರಮಾಣುಗಳ ಸರಪಳಿಯನ್ನು ಮಾಡಿ, ಅಂತಹ ಮೂರು ನಾಲ್ಕು ಸರಪಳಿಗಳನ್ನು ಬೆಸೆದರೆ ಪಾಲಿ-ಆಲ್ಫಾ-ಓಲಿಫಿನ್ ಎಂಬ ತೈಲ ಸಿಗುತ್ತದೆ. ಅಣುಗಳು ಹೆಚ್ಚುಕಡಿಮೆ ಒಂದೇ ಬಗೆಯವಾದುದರಿಂದ ಅದು ಶೀತದಲ್ಲಿ ಹರಿಯುತ್ತದೆ, ಬಿಸಿಯಲ್ಲಿ ತಾಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಚ್ಚಾ ತೈಲದ ಅಭಾವವಿದ್ದ ಜರ್ಮನಿಯು ಇಂತಹ ತೈಲಗಳನ್ನು ತಯಾರಿಸಿತು. ಬಳಿಕ ಜೆಟ್ ವಿಮಾನಗಳ ಎಂಜಿನುಗಳಿಗೆ ಕೃತಕ ತೈಲವಿಲ್ಲದೆ ಆಗುವಂತಿರಲಿಲ್ಲ. ಕಾರುಗಳ ಪೇಟೆಗೆ ಅದು ೧೯೭೦ರ ದಶಕದಲ್ಲಿ ಕಾಲಿಟ್ಟಿತು.

ಆದರೆ ಹೆಸರಿಗೆ ಮೋಸಹೋಗಬಾರದು. ಕಚ್ಚಾ ತೈಲವನ್ನೇ ಜಲಜನಕದೊಡನೆ ಹೆಚ್ಚಿನ ಒತ್ತಡದಲ್ಲಿ ಕಾಯಿಸಿ, ಅದರ ಅಣುಗಳನ್ನು ಮುರಿದು ಮತ್ತೆ ಜೋಡಿಸಿದ ತೈಲವೊಂದುಂಟು. ಇದನ್ನೂ ‘ಸಿಂಥೆಟಿಕ್’ ಎಂದು ಕರೆಯಬಹುದೇ ಎಂಬ ವ್ಯಾಜ್ಯವು ಅಮೆರಿಕದಲ್ಲಿ ಎದ್ದು, ೧೯೯೯ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಲಿಯು ಕರೆಯಬಹುದೆಂದು ಹೇಳಿತು. ಇಂದು ಅಂಗಡಿಯಲ್ಲಿ ಸಿಗುವ ಕೃತಕ ತೈಲಗಳಲ್ಲಿ ಅನೇಕವು ಈ ಬಗೆಯವೇ. ಅವು ಕೆಟ್ಟವೆಂದು ನಾವು ಹೇಳುತ್ತಿಲ್ಲ. ಹೆಸರೊಂದರಿಂದಲೇ ಗುಣವನ್ನು ಅಳೆಯಲಾಗದು ಎಂದಷ್ಟೇ ನಮ್ಮ ಮಾತು. ಗುಣದ ವಿಷಯಕ್ಕೆ ಬಂದರೆ, ಅಮೆರಿಕದ ಮೋಟಾರು ಸಂಘವಾದ ‘ಎಎಎ’ ೨೦೧೭ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಕೃತಕ ತೈಲಗಳು ಖನಿಜ ತೈಲಗಳಿಗಿಂತ ಸರಾಸರಿ ನೂರಕ್ಕೆ ೪೭ರಷ್ಟು ಉತ್ತಮವಾಗಿ ಕಂಡುಬಂದವು. ಆದುದರಿಂದ ಪ್ರಯೋಗಶಾಲೆಯಲ್ಲಿ ಯಾವುದು ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆ ಮೇಲ್ಮೆಯು ನಮ್ಮ ಊರಿನಲ್ಲಿ, ನಮ್ಮ ಎಂಜಿನಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದೇ ಪ್ರಶ್ನೆ.

ಶೀತವನ್ನು ಮೊದಲು ತೆಗೆದುಕೊಳ್ಳೋಣ. ೫ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ ೩೦ ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ; ೧೫ಡಬ್ಲ್ಯು ಎಣ್ಣೆಯನ್ನು ೨೦ ಡಿಗ್ರಿ ಕೆಳಗೆ. ಸಮುದ್ರಮಟ್ಟದಿಂದ ೮೦೦ ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ ಪುಷ್ಯಮಾಸದ ಮುಂಜಾನೆ ಹಲ್ಲು ಕಟಕಟಿಸುವುದುಂಟು. ಆದರೂ ಉಷ್ಣತೆಯು ೧೦ ಡಿಗ್ರಿಗಿಂತ ಕೆಳಕ್ಕೆ ಇಳಿಯುವುದು ಅಪರೂಪ. ಕೆನಡಾ ದೇಶದ ಕಾರಿಗೆ ಪ್ರಾಣದಾಯಕವಾದ ಗುಣವು ನಮ್ಮ ಕಾರಿಗೆ ಅಲ್ಪವೇ ಲಾಭ. ಹಾಗಾದರೆ ಬಿಸಿಯಲ್ಲಿ ತಾಳುವ ಗುಣ? ಅದರ ಬೆಲೆಯನ್ನು ತಿಳಿಯಬೇಕಾದರೆ ನಮ್ಮ ನಾಲ್ಕು ಊರುಗಳಲ್ಲಿ ಕಾರು ಹೇಗೆ ಓಡುತ್ತದೆಂಬುದನ್ನು ನೋಡಬೇಕು.

ಮುಳಬಾಗಿಲಿನ ಟ್ಯಾಕ್ಸಿಯು ಚೆನ್ನೈ ಹೆದ್ದಾರಿಯ ಮೇಲೆ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುತ್ತದೆ. ಎಂಜಿನಿಗೆ ಇದು ಕಷ್ಟದ ಕೆಲಸವಲ್ಲ. ಆದರೆ ಜನರನ್ನೂ ಗಂಟುಮೂಟೆಗಳನ್ನೂ ತುಂಬಿಕೊಂಡು ತಿರುಮಲೆಯ ಬೆಟ್ಟ ಹತ್ತುವಾಗ, ಚಿತ್ತೂರಿನಿಂದ ಹಿಂದಿರುಗುತ್ತ ಮೊಗಿಲಿ ಘಟ್ಟವನ್ನು ಏರುವಾಗ, ಕೆಳಗಿನ ಗೇರಿನಲ್ಲಿ ಎಣ್ಣೆ ಬಹಳವಾಗಿ ಕಾಯುತ್ತದೆ. ಟರ್ಬೊ ಇರುವ ಎಂಜಿನಾದರೆ ಅದರ ಅಚ್ಚು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತದೆ. ಗಾಡಿ ನಿಂತೊಡನೆ ಅಲ್ಲಿ ಉಳಿದ ಎಣ್ಣೆಯು ಸೀದು ಕರಕಾಗುವ ಅಪಾಯವುಂಟು. ಇಲ್ಲಿ ಕೃತಕ ತೈಲವು ಕೊಟ್ಟ ಹಣಕ್ಕೆ ತಕ್ಕ ಸೇವೆ ಸಲ್ಲಿಸುತ್ತದೆ.

ಮಾಲೂರಿನಿಂದ ದಿನವೂ ವೈಟ್‌ಫೀಲ್ಡಿನ ಕಡೆಗೆ ಕೆಲಸಕ್ಕೆ ಹೋಗುವ ಕಾರು ಸಂದಣಿಯಲ್ಲಿ ನಿಂತು ನಿಂತು ಸಾಗುತ್ತದೆ. ಮೈಲಿಯ ಲೆಕ್ಕದಲ್ಲಿ ಓಡಿದ್ದು ಸ್ವಲ್ಪ. ಎಂಜಿನು ತಿರುಗಿದ್ದು ಬಹಳ. ಹೊಸ ಮಾದರಿಯ ಎಂಜಿನಿಗೆ ಇಲ್ಲಿಯೂ ಕೃತಕ ತೈಲವೇ ಲೇಸು. ಕೋಲಾರದ ಪೇಟೆಯೊಳಗೆ ಮನೆಯಿಂದ ಅಂಗಡಿಗೆ, ಶಾಲೆಗೆ ಎಂದು ಎರಡು ಮೂರು ಕಿಲೋಮೀಟರು ಓಡುವ ಕಾರಿನ ಕಷ್ಟವೇ ಬೇರೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನು ಪೂರ್ತಿ ಕಾಯುವ ಮೊದಲೇ ನಿಲ್ಲಿಸಿದರೆ ಈ ಆವಿಯ ಒಂದಂಶವೂ ಉರಿಯದ ಪೆಟ್ರೋಲೂ ಎಣ್ಣೆಗೆ ಸೇರುತ್ತವೆ. ಇಂತಹ ಕಾರಿಗೆ ಎಷ್ಟು ದುಬಾರಿಯ ಎಣ್ಣೆ ಹಾಕಿದರೂ, ಕಿಲೋಮೀಟರು ತುಂಬಲಿ ಬಿಡಲಿ, ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂದರೆ ತೋಟಗಳ ಮಣ್ಣುದಾರಿಯಲ್ಲಿ ಗಾಡಿಗಳು ಕೆಂಧೂಳೆಬ್ಬಿಸುತ್ತವೆ. ಆ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿಯು ಎಂಜಿನಿನ ಬೀಡುಕಬ್ಬಿಣಕ್ಕಿಂತ ಗಡುಸು. ಗಾಳಿಯ ಸೋಸಕವು ಹರಿದೋ ಸಡಿಲವಾಗಿಯೋ ಇದ್ದರೆ ಈ ಪುಡಿ ಸಿಲಿಂಡರಿಗೆ ನುಗ್ಗಿ, ಎಣ್ಣೆಯಲ್ಲಿ ಕಲಸಿ, ಸಾಣೆಯ ಕಲ್ಲಿನಂತೆ ಲೋಹವನ್ನು ಉಜ್ಜುತ್ತದೆ. ಇದನ್ನು ತಡೆಯುವ ಎಣ್ಣೆಯನ್ನು ಯಾರೂ ಇನ್ನೂ ತಯಾರಿಸಿಲ್ಲ. ಎಣ್ಣೆಗೆ ಹೆಚ್ಚು ಹಣ ಸುರಿದು ಸೋಸಕವನ್ನು ಮರೆಯುವವನು ಬಾಗಿಲಿಗೆ ಬೀಗ ಹಾಕಿ ಗೋಡೆಯ ಕನ್ನವನ್ನು ಮುಚ್ಚದವನಂತೆ.

ಇಷ್ಟನ್ನೂ ಕೂಡಿಸಿ ನಮ್ಮ ಸಲಹೆಯನ್ನು ಹೇಳುತ್ತೇವೆ. ಹೊಸ ಕಾರಿನ ಯಜಮಾನನಿಗೆ ವಾಸ್ತವವಾಗಿ ಆಯ್ಕೆಯೇ ಉಳಿದಿಲ್ಲ. ಈಚಿನ ಅನೇಕ ಸಣ್ಣ ಕಾರುಗಳಿಗೆ ೦ಡಬ್ಲ್ಯು-೨೦, ೦ಡಬ್ಲ್ಯು-೧೬ರಂತಹ ಬಲು ತೆಳುವಾದ ಎಣ್ಣೆಯನ್ನು ತಯಾರಕರು ವಿಧಿಸಿದ್ದಾರೆ. ಸಾಮಾನ್ಯ ಖನಿಜ ತೈಲವನ್ನು ಅಷ್ಟು ತೆಳುವಾಗಿಸಿದರೆ ಅದು ಬಿಸಿಯಲ್ಲಿ ಆವಿಯಾಗಿ ಹೋಗುತ್ತದೆ, ಕೃತಕವೇ ಬೇಕು. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಿ.ಎಸ್. ೬ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಸೋಸಕವಿರುತ್ತದೆ. ಕಡಿಮೆ ಬೂದಿಯ ಎಣ್ಣೆಯನ್ನು ಹಾಕದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಇಲ್ಲಿ ಉಳಿತಾಯಕ್ಕೆ ಹೊರಟವನು ನಷ್ಟಕ್ಕೆ ಗುರಿಯಾಗುತ್ತಾನೆ. ಲೀಟರಿಗೆ ೪೦೦ ರೂಪಾಯಿ ವ್ಯತ್ಯಾಸವೆಂದೂ ಕಾರಿಗೆ ಮೂರೂವರೆ ಲೀಟರು ಬೇಕೆಂದೂ ಇಟ್ಟುಕೊಂಡರೆ, ವರ್ಷಕ್ಕೆ ಹೆಚ್ಚಿನ ಖರ್ಚು ೧,೪೦೦ ರೂಪಾಯಿ, ತಿಂಗಳಿಗೆ ೧೧೭. ಕೆಟ್ಟ ಟರ್ಬೊವಿನ ರಿಪೇರಿಗೆ ಹತ್ತಾರು ಸಾವಿರ ಬೇಕು.

ಟರ್ಬೊ ಇಲ್ಲದ ಹಳೆಯ ಎಂಜಿನಿನ ಮಾತು ಬೇರೆ. ಅದರ ಕೈಪಿಡಿಯಲ್ಲಿ ಖನಿಜ ತೈಲಕ್ಕೆ ಅನುಮತಿಯಿದ್ದರೆ, ಹೇಳಿದ ದರ್ಜೆಯ ಒಳ್ಳೆಯ ಖನಿಜ ತೈಲವೇ ನಮ್ಮ ಹವೆಗೆ ಸಾಕು. ಆ ೧,೪೦೦ ರೂಪಾಯಿಯನ್ನು ಗಾಳಿಯ ಸೋಸಕಕ್ಕೂ, ಎಣ್ಣೆಯ ಸೋಸಕಕ್ಕೂ, ಗಡುವಿಗೆ ಮುಂಚೆಯೇ ಎಣ್ಣೆ ಬದಲಿಸುವುದಕ್ಕೂ ವಿನಿಯೋಗಿಸಿದರೆ ಎಂಜಿನು ಹೆಚ್ಚು ಕಾಲ ಬಾಳುತ್ತದೆ. ಒಮ್ಮೆ ಕೃತಕ ತೈಲ ಹಾಕಿದರೆ ಮತ್ತೆ ಖನಿಜಕ್ಕೆ ಹಿಂದಿರುಗಬಾರದೆಂಬ ಮಾತು ನಿಜವಲ್ಲ. ಎಣ್ಣೆ ಕಪ್ಪಾದೊಡನೆ ಕೆಟ್ಟಿತೆಂಬುದೂ ನಿಜವಲ್ಲ. ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದುಕೊಂಡಿರುವುದಕ್ಕೂ ಆ ಕಪ್ಪು ಗುರುತಾಗಬಹುದು. ಕೃತಕ ತೈಲ ಹಾಕಿದೆವೆಂದು ಕೈಪಿಡಿಯ ಗಡುವನ್ನು ನಾವಾಗಿಯೇ ಎರಡರಷ್ಟು ಮಾಡಿಕೊಳ್ಳುವುದೂ ತರವಲ್ಲ. ಎಣ್ಣೆಯ ಸತ್ವ ಉಳಿದಿದ್ದರೂ ಅದರಲ್ಲಿ ಕೂಡಿದ ಧೂಳು, ನೀರು, ಪೆಟ್ರೋಲು ಹೋಗುವುದಿಲ್ಲ.

ಕೊನೆಯದಾಗಿ ಇನ್ನೊಂದು ಲೆಕ್ಕ. ಎಂಜಿನಿನಿಂದ ಬಸಿದ ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತದೆ? ಒಂದು ಪಾಲು ಹಳೆಯ ಎಣ್ಣೆಯು ಹತ್ತು ಲಕ್ಷ ಪಾಲು ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಹಾಗಾದರೆ ಒಂದು ಕಾರಿನ ಮೂರೂವರೆ ಲೀಟರಿಗೆ ೩೫ ಲಕ್ಷ ಲೀಟರು ನೀರು! ಸದಾ ಹರಿಯುವ ನದಿಯೊಂದೂ ಇಲ್ಲದ ನಮ್ಮ ಜಿಲ್ಲೆಯು ಕೆರೆಗಳನ್ನೂ ಕೊಳವೆ ಬಾವಿಗಳನ್ನೂ ನಂಬಿ ಬದುಕಿದೆ. ಅಂತರ್ಜಲ ಏರಲೆಂದು ೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಇಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತಹ ನಾಡಿನಲ್ಲಿ ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲುವುದು ಅಕ್ಷಮ್ಯ. ಖನಿಜವಾಗಲಿ ಕೃತಕವಾಗಲಿ, ಬಳಸಿದ ಮೇಲೆ ಎರಡೂ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯವೇ. ನೋಂದಾಯಿತ ಮರುಶುದ್ಧೀಕರಣದವರಿಗೆ ಸೇರತಕ್ಕವು. ಎಣ್ಣೆಯ ತಯಾರಕರೂ ಇದರ ಹೊಣೆಯಲ್ಲಿ ಭಾಗಿಗಳಾಗಬೇಕೆಂಬ ನಿಯಮವು ೨೦೨೪ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದಿದೆ. ಹಳೆಯ ಎಣ್ಣೆಯನ್ನು ಸಂಗ್ರಹಿಸಿ ಒಪ್ಪಿಸುವ ಗ್ಯಾರೇಜನ್ನೇ ಆರಿಸಿಕೊಳ್ಳುವುದು ಒಳ್ಳೆಯ ಎಣ್ಣೆಯನ್ನು ಆರಿಸಿಕೊಳ್ಳುವಷ್ಟೇ ಮುಖ್ಯ. ಖಾಲಿ ಡಬ್ಬಿಗೆ ತೂತು ಮಾಡಿಯೇ ಬಿಸಾಡಬೇಕು. ಇಲ್ಲವಾದರೆ ಅದರಲ್ಲಿ ನಕಲಿ ಎಣ್ಣೆ ತುಂಬಿ ಮತ್ತೊಬ್ಬರಿಗೆ ಮಾರುವವರಿಗೆ ನಾವೇ ಸಹಾಯ ಮಾಡಿದಂತಾಗುತ್ತದೆ.

ವಿದ್ಯಾರ್ಥಿಗಳು ಈ ವಾರವೇ ಒಂದು ಕೆಲಸ ಮಾಡಬಹುದು. ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಇರುವ ಕಾರಿನ ಕೈಪಿಡಿಯನ್ನು ತೆರೆದು, ಎಣ್ಣೆಯ ಸ್ನಿಗ್ಧತೆಯ ದರ್ಜೆ, ಗುಣಮಟ್ಟದ ಗುರುತು, ಬದಲಿಸಬೇಕಾದ ಕಿಲೋಮೀಟರು, ಬದಲಿಸಬೇಕಾದ ತಿಂಗಳು ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಯಜಮಾನರ ಕೈಗೆ ಕೊಡಲಿ. ಅಂಗಡಿಯಲ್ಲಿ ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು, ಹಿಂಭಾಗದ ಸಣ್ಣ ಅಕ್ಷರಗಳನ್ನು ಆ ಚೀಟಿಯೊಡನೆ ತಾಳೆ ನೋಡಿದರೆ, ಖನಿಜವೋ ಕೃತಕವೋ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ದೊರೆಯುವುದು.