ಬೆಣ್ಣೆಗೂ ಬಗ್ಗದ ಬೆಕ್ಕು
ದಾವಣಗೆರೆಯಲ್ಲಿ ಬೆಣ್ಣೆಗೆ ಸೋಲದವರಿಲ್ಲ ಎಂಬ ನಮ್ಮ ಹಮ್ಮು ಇಳಿಸಲು ಕಾಯಿಲೆ ಬಿದ್ದ ಒಂದು ಬೆಕ್ಕು ಸಾಕು. ಮಾತ್ರೆಯನ್ನು ಬೆಣ್ಣೆಯುಂಡೆಯೊಳಗೆ ಹುದುಗಿಸಿ ಇಡಿ. ಬೆಣ್ಣೆಯನ್ನಷ್ಟೇ ನೆಕ್ಕಿ, ಮಾತ್ರೆಯನ್ನು ಚೊಕ್ಕಟವಾಗಿ ನೆಲದ ಮೇಲೆ ಬಿಟ್ಟು ಹೋಗುತ್ತದೆ. ಸಕ್ಕರೆ ಪಾಕದ ಆಸೆಯೂ ನಡೆಯದು: ಬೆಕ್ಕಿಗೆ ಸಿಹಿ ತಿಳಿಯುವುದೇ ಇಲ್ಲ, ಆ ರುಚಿಯ ವಂಶವಾಹಿಯೇ ಕೆಟ್ಟು ನಿಂತಿದೆ ಎಂದು ವಿಜ್ಞಾನಿಗಳು 2005ರಲ್ಲೇ ತೋರಿಸಿದ್ದಾರೆ. ಕಹಿ ಮಾತ್ರ ಚೆನ್ನಾಗಿ ಗೊತ್ತು. ಹರಿಹರದ ನಮ್ಮ ಚಿಕ್ಕಮ್ಮ ಇಂಥ ಆಮಿಷಗಳ ಗೊಡವೆಗೇ ಹೋಗುವುದಿಲ್ಲ. ಹಳೇ ಟವೆಲ್ಲಿನಲ್ಲಿ ಬೆಕ್ಕನ್ನು ಕೂಸಿನ ಹಾಗೆ ಸುತ್ತಿ, ತಲೆ ಮೇಲಕ್ಕೆತ್ತಿ, ಕೆಳದವಡೆ ಒತ್ತಿ, ನಾಲಗೆಯ ಬುಡಕ್ಕೇ ಮಾತ್ರೆ ಹಾಕಿ ಬಾಯಿ ಮುಚ್ಚುತ್ತಾರೆ. ಮೂಗು ನೆಕ್ಕಿಕೊಂಡರೆ ನುಂಗಿತೆಂದು ಲೆಕ್ಕ. "ಸುಮ್ಕಿರವ್ವ, ಮುಗೀತು" ಎಂಬ ಸಮಾಧಾನ ಬೇರೆ. ಆಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಪಕ್ಕದಲ್ಲಿ ಐದಾರು ಮಿಲಿ ನೀರು, ನಿಧಾನಕ್ಕೆ. ಈ ನೀರನ್ನು ಬಿಡುವಂತಿಲ್ಲ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗಿ, ಮುಂದೆ ಕಿರಿದಾಗಿಯೂ ಬಿಡಬಹುದು. ಇನ್ನು, ಮೈ ಬಿಸಿಯಾಯಿತೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲನ್ನೇ ಮುರಿದು ಕೊಡುವ ಧೈರ್ಯವಂತರೂ ಇದ್ದಾರೆ. ಅರ್ಧ ಮಾತ್ರೆಯೂ ಬೆಕ್ಕಿನ ಜೀವ ತೆಗೆಯಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ.